ಬಲಗೈಯ ಮೂರು ಬೆರಳು

ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರು ಯಾರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಲಗೈ ನೋಡಿದರೆ ಸಾಕಿತ್ತು. ಹೆಬ್ಬೆರಳಿನ ಮೇಲೆ ಎಕ್ಸ್, ತೋರುಬೆರಳಿನ ಮೇಲೆ ವೈ, ನಡುಬೆರಳಿನ ಮೇಲೆ ಝಡ್ ಎಂದು ಕಪ್ಪು ಮಾರ್ಕರ್ ಪೆನ್ನಿನಲ್ಲಿ ಬರೆದಿರುತ್ತಿತ್ತು. ಒಂದು ವಾರ ಅದು ಅಳಿಯಬಾರದು. ಊಟಕ್ಕೆ ಕೈ ತೊಳೆದಾಗ ಹೋದರೆ ಮತ್ತೆ ಬಂದು ಬರೆಸಿಕೊಳ್ಳಬೇಕು. ಬರೆಯುತ್ತಿದ್ದವರು ನನ್ನ ಗಂಡ, ಮಹಾಪೆಯ ಆ ವರ್ಕ್‌ಶಾಪಿನ ಹಿರಿಯ ಸೆಟ್ಟರ್. ಸೆಟ್ಟರ್ ಎಂದರೆ, ಕೊರೆಯಬೇಕಾದ ಲೋಹದ ತುಂಡನ್ನು ಮಷಿನ್ನಿನ ಮೇಜಿಗೆ ಬಿಗಿದು, ‘ಇದು ಇಲ್ಲಿದೆ, ಇಲ್ಲಿಂದ ಲೆಕ್ಕ ಹಿಡಿ’ ಎಂದು ಮಷಿನ್ನಿಗೆ ತಿಳಿಸಿಕೊಡುವವರು. ಆ ತುಂಡಿಗೆ ನಾವು ಜಾಬ್ ಎನ್ನುತ್ತೇವೆ.

ನಾನೂ ಬೆರಳಿಗೆ ಬರೆಸಿಕೊಂಡವಳೇ. ಡಿಪ್ಲೊಮಾ ಮುಗಿಸಿ ಅಲ್ಲಿನ ಪ್ರೋಗ್ರಾಮಿಂಗ್ ಕೋಣೆಗೆ ಸೇರಿದ ಮೊದಲ ದಿನ, ಆಗ ಇನ್ನೂ ಪರಿಚಯವೇ ಇಲ್ಲದ ಈ ಮನುಷ್ಯ ಪೆನ್ ಹಿಡಿದು ನನ್ನ ಮುಂದೆ ನಿಂತರು. ನಾನು ಕಂಪ್ಯೂಟರಿನ ಮುಂದೆ ಕೂರುವವಳು, ನನಗೆ ಯಾಕೆ ಇದೆಲ್ಲ ಎಂದು ಮುಖ ಗಂಟು ಹಾಕಿದೆ. ನನ್ನ ಕೋಪ ಆಗಲೂ ಮೂಗಿನ ತುದಿಯಲ್ಲೇ ಇತ್ತು.

"ನೀವು ಅಲ್ಲಿ ಕೂತು ಪ್ಲಸ್ ಇದ್ದಲ್ಲಿ ಮೈನಸ್ ಬರೆದ್ರೆ ಇಲ್ಲಿ ಮುರಿಯುದು ನನ್ನ ಟೂಲ್. ಕೈ ಕೊಡಿ" ಅಂದರು.

ಕೊಟ್ಟೆ. ಎರಡು ವರ್ಷಕ್ಕೆ ಮದುವೆಯೂ ಆಯಿತು. ಮದರಂಗಿಯ ದಿನ ವರ್ಕ್‌ಶಾಪಿನವರೆಲ್ಲ ಫೋನ್ ಮಾಡಿ ಮೂರು ಬೆರಳಿಗೂ ಅಕ್ಷರ ಹಾಕಿಸಿಕೊಳ್ಳಲೇಬೇಕು ಎಂದು ಪೀಡಿಸಿದರು. ಹೆಬ್ಬೆರಳಿಗೆ ಮಾತ್ರ ಒಂದು ಸಣ್ಣ ಎಕ್ಸ್ ಹಾಕಿಸಿಕೊಂಡೆ. ಮರುದಿನ ಅತ್ತೆ ಅದನ್ನು ನೋಡಿ, ಬರೆದವಳು ತಪ್ಪು ಮಾಡಿ ಹೊಡೆದುಹಾಕಿದ್ದಾಳೆ ಎಂದುಕೊಂಡು, "ಪಾಪ, ಇಷ್ಟು ಚಂದದ ಕೈಯನ್ನು ಹಾಳು ಮಾಡಿದಳಲ್ಲ" ಎಂದು ಮದುವೆ ಮುಗಿಯುವವರೆಗೂ ಅವಳನ್ನು ಬೈದರು. ಇವರು ಪಕ್ಕದಲ್ಲಿ ನಿಂತು ನಗು ತಡೆದುಕೊಂಡ ಫೋಟೋ ಈಗಲೂ ಉಂಟು.

ಇವರದು ಉಡುಪಿ, ಮನೆಮಾತು ತುಳು. ನನ್ನದು ಕುಂದಾಪುರದ ಕಡೆ. ಹಾಗಾಗಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲೇ. ಮಗಳಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇವರ ಅಜ್ಜ, ಅಪ್ಪ, ಇಬ್ಬರು ಅಣ್ಣಂದಿರು ಎಲ್ಲರೂ ಠಾಣೆ, ಕಲ್ಯಾಣದ ಹೋಟೆಲುಗಳಲ್ಲಿ ಇಡ್ಲಿ ಹಿಟ್ಟಿನ ಜೊತೆ ಬಾಳಿದವರು. ಹಿಟ್ಟು ಬಿಟ್ಟು ಕಬ್ಬಿಣಕ್ಕೆ ಬಂದವರು ಇವರೊಬ್ಬರೇ. ಅದರ ಬಗ್ಗೆ ಇವರಿಗೆ ಒಳಗೊಳಗೇ ಬಹಳ ಹೆಮ್ಮೆ ಇತ್ತು. ಇರಬೇಕಾದದ್ದೇ.

ಆ ಬೆರಳುಗಳ ವಿಷಯ ಸ್ವಲ್ಪ ಹೇಳದೆ ನಾನು ಮುಂದೆ ಹೋಗುವಂತಿಲ್ಲ. ನಮ್ಮ ಮಷಿನ್ನುಗಳು ಕಂಪ್ಯೂಟರಿನ ಮಾತು ಕೇಳಿ ಕತ್ತರಿಸುವವು. ಅವಕ್ಕೆ ಎಡ, ಬಲ, ಹಿಂದೆ, ಮುಂದೆ ಗೊತ್ತಿಲ್ಲ. ಗೊತ್ತಿರುವುದು ಎಕ್ಸ್, ವೈ, ಝಡ್. ಲೋಹ ಕೊರೆಯುವ ಟೂಲನ್ನು ಕಚ್ಚಿಕೊಂಡು ತಿರುಗುವ ಸ್ಪಿಂಡಲ್ ಯಾವ ನೇರಕ್ಕೆ ಇದೆಯೋ ಅದು ಝಡ್. ಜಾಬಿನಿಂದ ದೂರ ಸರಿದರೆ ಝಡ್ ಪ್ಲಸ್. ಸ್ಪಿಂಡಲ್ ನಿಂತಿದ್ದರೆ ಝಡ್ ನಿಂತಿರುತ್ತದೆ, ಮಲಗಿದ್ದರೆ ಝಡ್ ಕೂಡ ಮಲಗಿರುತ್ತದೆ. ಸಾಮಾನ್ಯವಾಗಿ ಮೇಜಿನ ಉದ್ದಕ್ಕೆ ಎಕ್ಸ್. ಉಳಿದ ವೈ ಯಾವ ಕಡೆ ಎಂದು ಬಲಗೈ ಹೇಳುತ್ತದೆ. ಮೂರು ಬೆರಳನ್ನು ಒಂದಕ್ಕೊಂದು ಅಡ್ಡವಾಗಿ ಬಿಡಿಸಿ, ಹೆಬ್ಬೆರಳನ್ನು ಎಕ್ಸ್ ಕಡೆಗೂ ನಡುಬೆರಳನ್ನು ಝಡ್ ಕಡೆಗೂ ಹಿಡಿದರೆ, ತೋರುಬೆರಳು ತಾನಾಗಿ ವೈ ತೋರಿಸುತ್ತದೆ. ಮೇಜೇ ಓಲಾಡುವ, ತಿರುಗುವ ದೊಡ್ಡ ಮಷಿನ್ನುಗಳಲ್ಲಿ ಇನ್ನಷ್ಟು ಹೆಸರು ಬೇಕಾಗುತ್ತವೆ. ಎಕ್ಸ್ ಸುತ್ತ ತಿರುಗುವುದಕ್ಕೆ ಎ, ವೈ ಸುತ್ತ ತಿರುಗುವುದಕ್ಕೆ ಬಿ, ಝಡ್ ಸುತ್ತ ತಿರುಗುವುದಕ್ಕೆ ಸಿ. ಬಲಗೈ ಹೆಬ್ಬೆರಳನ್ನು ಎಕ್ಸ್ ಪ್ಲಸ್ ಕಡೆಗೆ ಚಾಚಿ ಉಳಿದ ಬೆರಳುಗಳನ್ನು ಮಡಚಿದರೆ ಅವು ಯಾವ ಕಡೆಗೆ ಮಡಚಿಕೊಳ್ಳುತ್ತವೋ ಅದು ಎ ಪ್ಲಸ್.

ಇದರಲ್ಲಿ ಒಂದು ತಿರುವು ಉಂಟು. ಈ ಹೆಸರುಗಳೆಲ್ಲ ಜಾಬ್ ನಿಂತಲ್ಲೇ ನಿಂತಿದೆ, ಟೂಲೇ ಚಲಿಸುತ್ತಿದೆ ಎಂದು ಭಾವಿಸಿ ಇಟ್ಟವು. ನಿಜವಾಗಿ ಎಷ್ಟೋ ಮಷಿನ್ನುಗಳಲ್ಲಿ ಚಲಿಸುವುದು ಮೇಜು, ಅದು ಬೆರಳು ತೋರಿಸಿದ್ದಕ್ಕೆ ಉಲ್ಟಾ ಹೋಗುತ್ತದೆ. ಹೊಸಬರು ಎಡವುವುದೇ ಇಲ್ಲಿ. ಇವರು ಅವರಿಗೆ ಹೇಳುತ್ತಿದ್ದ ಮಾತು ಇಷ್ಟೆ: "ಲೋಕಲ್ ಹೊರಟಾಗ ಪ್ಲಾಟ್‌ಫಾರ್ಮ್ ಹಿಂದೆ ಹೋಗುದಿಲ್ವಾ? ನೀನು ಟ್ರೇನಲ್ಲಿ ಕೂತವ ಅಂತ ತಿಳ್ಕೋ, ಆಯ್ತು." ಅಷ್ಟು ಹೇಳಿಯೂ ಸ್ವತಃ ಇವರು, ಇಪ್ಪತ್ತು ವರ್ಷದ ಅನುಭವ ಇದ್ದೂ, ಬಲಗೈ ಎತ್ತಿ ಬೆರಳು ಬಿಡಿಸಿ ನೋಡದೆ ಯಾವ ಮಷಿನ್ನಿನ ಬಟನ್ನನ್ನೂ ಒತ್ತುತ್ತಿರಲಿಲ್ಲ. ಒಂದು ಮಷಿನ್ ಇನ್ನೊಂದರ ಹಾಗೆ ಇರುವುದಿಲ್ಲ ಎನ್ನುತ್ತಿದ್ದರು. ದೇವರಿಗೆ ಒಂದೇ ಕೈಯಲ್ಲಿ ನಮಸ್ಕಾರವಾ ಎಂದು ಹುಡುಗರು ಕಿಚಾಯಿಸುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಇವರ ಕೈಯಿಂದ ಬ್ರಷ್ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರು, ಬೆರಳು ಹಿಡಿಯಲಿಲ್ಲ. ನನ್ನನ್ನು ಕರೆಯಲು ಬಾಯಿ ತೆರೆದರು, ನಾಲಿಗೆ ತೊದಲಿತು. ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ಹದಿನಾರು ದಿನ. ಮಾತು ಬೇಗ ಮರಳಿತು. ಕಾಲು ಎಳೆಯುತ್ತ ಎಳೆಯುತ್ತ ಮೂರು ತಿಂಗಳಲ್ಲಿ ನಡೆಯುವ ಮಟ್ಟಿಗೆ ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ಉಳಿದವು. ಬಿಡಿಸಿ ಹಿಡಿದರೆ ಬಿಡಿಸಿಕೊಳ್ಳುತ್ತಿದ್ದವು, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತಿದ್ದವು. ಠಾಣೆಯಲ್ಲಿ ಒಬ್ಬರು ಫಿಸಿಯೋಥೆರಪಿ ಮಾಡುವ ಮೇಡಂ ಇದ್ದಾರೆ, ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತೇವೆ. ಅವರು ಕೊಟ್ಟ ರಬ್ಬರ್ ಚೆಂಡನ್ನು ಇವರು ಟೀವಿ ನೋಡುತ್ತ ಒತ್ತಲು ನೋಡುತ್ತಾರೆ. ಚೆಂಡು ಕೆಳಗೆ ಬಿದ್ದು ಸೋಫಾದ ಅಡಿಗೆ ಉರುಳುತ್ತದೆ, ಮಗಳು ತೆಗೆದುಕೊಡುತ್ತಾಳೆ.

ಆರನೇ ತಿಂಗಳಿಗೆ ಇವರು ಕೆಲಸದ ಮಾತು ತೆಗೆದರು. ಮತ್ತೆ ಮಷಿನ್ನಿಗೆ ಹೋಗಬೇಕು. ಮನೆಯಲ್ಲಿ ಕೂತು ಕೂತು ತಾನು ಯಾರು ಎಂಬುದೇ ಮರೆತುಹೋಗುತ್ತಿದೆ ಎಂದರು. ನನಗೂ ಅದೇ ಬೇಕಿತ್ತು. ಸಂಜೆ ನಾನು ಬಾಗಿಲು ತೆರೆದಾಗ ಈ ಮನುಷ್ಯ ಬೆಳಿಗ್ಗೆ ಬಿಟ್ಟುಹೋದ ಕುರ್ಚಿಯಲ್ಲೇ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ದಿನ ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಇವರು ಬಂದು ಪಕ್ಕದಲ್ಲಿ ನಿಂತು, ತಮ್ಮ ಎಡಗೈಯಿಂದ ನನ್ನ ಬಲಗೈಯನ್ನು ಎತ್ತಿಕೊಂಡರು. ಹೆಬ್ಬೆರಳನ್ನು ಬಿಡಿಸಿದರು, ತೋರುಬೆರಳನ್ನು ನೆಟ್ಟಗೆ ಮಾಡಿದರು, ನಡುಬೆರಳನ್ನು ಮೇಲಕ್ಕೆ ತಿರುಗಿಸಿದರು. ಕೈಯನ್ನು ಗ್ಯಾಸ್ ಒಲೆಯ ಕಡೆಗೆ ಹಿಡಿದು, ಒಲೆಯೇ ಮಷಿನ್ ಎಂಬಂತೆ, "ಎಕ್ಸ್ ಆಚೆ. ವೈ ಕಿಟಕಿ ಕಡೆ. ಝಡ್ ಮೇಲೆ" ಎಂದು ಹೇಳಿಕೊಂಡರು. ನನ್ನ ಬೆರಳಿಗೆ ಕಾಯಿತುರಿ ಅಂಟಿತ್ತು. ಇವರ ಮುಖ ಮೊದಲ ಸಲ ಹಳೆಯ ಮುಖದಂತೆ ಕಂಡಿತು. ನಾನು ಹಾಗೇ ನಿಂತೆ, ಅಲುಗಾಡಿದರೆ ಎಲ್ಲಿ ಕೈ ಬಿಟ್ಟುಬಿಡುತ್ತಾರೋ ಎಂದು.

ಅಲ್ಲಿಂದ ಅದು ನಿತ್ಯದ ಅಭ್ಯಾಸವಾಯಿತು. ಚಪಾತಿ ಮಣೆಯನ್ನು ಓಲಾಡುವ ಮೇಜು ಮಾಡಿ, ಅದರ ಮೇಲೆ ಒಂದು ಆಲೂಗಡ್ಡೆಯನ್ನು ಜಾಬ್ ಎಂದು ಇಟ್ಟು, ಎ ಪ್ಲಸ್ ಮೂವತ್ತು ಡಿಗ್ರಿ, ಎ ಮೈನಸ್ ಮೂವತ್ತು ಡಿಗ್ರಿ ಎಂದು ವಾಲಿಸುತ್ತಿದ್ದರು. ಪ್ರತಿ ಸಲಕ್ಕೂ ಮೊದಲು ನನ್ನ ಕೈ ಬೇಕು. ಮಗಳು ತನ್ನ ಕೈ ಚಾಚಿ "ಪಪ್ಪಾ, ಮೇರಾ ಹಾಥ್ ಲೇ ಲೋ ನಾ" ಎಂದರೆ, "ನಿಂದು ಬೇಡ, ಅಮ್ಮನ ಕೈಗೆ ಅಭ್ಯಾಸ ಉಂಟು" ಎನ್ನುತ್ತಿದ್ದರು. ಇವರಿಗೆ ನೆನಪು ಹೋಗಿತ್ತು ಎಂದಲ್ಲ. ಬಾಯಲ್ಲಿ ಕೇಳಿದರೆ ತಡವರಿಸಿಕೊಂಡು ಸರಿಯಾಗೇ ಹೇಳುತ್ತಿದ್ದರು. ಆದರೆ ಮಷಿನ್ ಮುಂದೆ ನಿಂತಾಗ ದಿಕ್ಕು ಇವರಿಗೆ ತಲೆಯಿಂದ ಬರುತ್ತಿರಲಿಲ್ಲ, ಬೆರಳಿನಿಂದಲೇ ಬರುತ್ತಿತ್ತು. ಇಪ್ಪತ್ತು ವರ್ಷ ಹಾಗೆ ಬಂದದ್ದು.

ಮಾಲೀಕರು, ನಾವೆಲ್ಲ ಸೇಠ್ ಎನ್ನುವವರು, ಒಳ್ಳೆಯ ಮನುಷ್ಯ. ಒಂದು ಟ್ರಯಲ್ ನೋಡೋಣ ಎಂದರು. ಭಾರ ಎತ್ತಲು, ಬೋಲ್ಟ್ ಬಿಗಿಯಲು ಬೇರೆಯವರು ಇರುತ್ತಾರೆ, ಲೆಕ್ಕ ಮತ್ತು ಮಷಿನ್ ಮಾತ್ರ ಇವರದು. ಒಂದೇ ಒಂದು ಷರತ್ತು. "ಮ್ಯಾಡಮ್, ಉನ್ಕೋ ಅಕೇಲೇ ಕರ್ನೇ ದೋ" ಎಂದರು ನನಗೆ. ಇವರೊಬ್ಬರೇ ಮಾಡಬೇಕು. ನ್ಯಾಯವಾದ ಮಾತೇ.

ಟ್ರಯಲ್ಲಿನ ಹಿಂದಿನ ವಾರವಿಡೀ ಮನೆಯಲ್ಲಿ ಇದೇ. ಪಾತ್ರೆ ತಿಕ್ಕುವಾಗ ಕೈ, ಬಟ್ಟೆ ಮಡಚುವಾಗ ಕೈ, ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದರೆ ಪಕ್ಕದಿಂದ ಬಂದು ಕೈ. ನಾನು ದಣಿದಿದ್ದೆ. ಅದನ್ನು ಯಾರಿಗೆ ಹೇಳುವುದು? ಎಲ್ಲರೂ ಇವರು ಹೇಗಿದ್ದಾರೆ ಎಂದು ಕೇಳುತ್ತಿದ್ದರು, ನಾನು ಹೇಗಿದ್ದೇನೆ ಎಂದು ಯಾರೂ ಕೇಳಿರಲಿಲ್ಲ.

ಟ್ರಯಲ್ಲಿನ ಬೆಳಿಗ್ಗೆ. ಕಾವಲಿಯ ಮೇಲೆ ದೋಸೆ, ಮಗಳ ಡಬ್ಬಿ ತೆರೆದಿತ್ತು, ನಲ್ಲಿಯ ನೀರು ನಿಲ್ಲುವ ಹೊತ್ತು. ಇವರು ಎರಡು ಸಲ ಬಂದು ಕೈ ತೆಗೆದುಕೊಂಡು ಹೋಗಿದ್ದರು. ಮೂರನೇ ಸಲ ಬಂದು ಹಿಡಿದಾಗ ದೋಸೆ ಸೀದ ವಾಸನೆ ಬಂತು. ನಾನು ಕೈ ಕಿತ್ತುಕೊಂಡೆ.

"ಇದು ನನ್ನ ಕೈ ಮಾರಾಯ್ರೇ. ಇದಕ್ಕೂ ಇದರದ್ದೇ ಕೆಲಸ ಉಂಟು. ಜೀವಮಾನ ಇಡೀ ನಿಮಗೆ ಹಿಡ್ಕೊಂಡು ನಿಲ್ಲಲಿಕ್ಕೆ ನನ್ನಿಂದ ಆಗುದಿಲ್ಲ."

ಇವರು ಎಡಗೈಯಿಂದ ಗ್ಯಾಸ್ ಸಣ್ಣ ಮಾಡಿದರು. ದೋಸೆ ಪೂರ್ತಿ ಸೀಯದಿರಲಿ ಎಂದು. ಆಮೇಲೆ ಹೋಗಿ ಒಂದೊಂದೇ ಗುಂಡಿ ಹಾಕಿಕೊಂಡು ಯೂನಿಫಾರ್ಮ್ ಅಂಗಿ ತೊಟ್ಟರು. ಬೇರೆ ದಿನ ಗುಂಡಿ ಹಾಕಲು ನನ್ನನ್ನು ಕರೆಯುತ್ತಿದ್ದರು.

ಬಸ್ಸಿನಲ್ಲಿ ಶಿಲ್‌ಫಾಟಾದ ಹತ್ತಿರ ಎಂದಿನಂತೆ ಟ್ರಾಫಿಕ್ ನಿಂತಿತು. ಅರ್ಧ ಗಂಟೆ ಪಕ್ಕಪಕ್ಕ ಕೂತಿದ್ದೆವು. ತಪ್ಪಾಯಿತು ಎನ್ನಲು ಅರ್ಧ ಗಂಟೆ ಧಾರಾಳ. ನಾನು ಕಿಟಕಿಯಿಂದ ಹೊರಗೆ ಟ್ರಕ್ಕುಗಳನ್ನು ನೋಡುತ್ತ ಕೂತೆ. ಸಂಜೆ ಹೇಳಿದರಾಯಿತು, ಟ್ರಯಲ್ ಗೆದ್ದ ಖುಷಿಯಲ್ಲಿ ಎಲ್ಲ ಮರೆತುಹೋಗುತ್ತದೆ ಎಂದು ನನ್ನ ಲೆಕ್ಕ.

ವರ್ಕ್‌ಶಾಪಿನಲ್ಲಿ ಇವರನ್ನು ಮೊದಲು ಎದುರುಗೊಂಡವರು ಕಲಬುರಗಿಯ ಸೂಪರ್‌ವೈಸರ್. ಹದಿನೈದು ವರ್ಷದ ಹಿಂದೆ ತುರ್ಭೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ ಅವರನ್ನು ಕರೆತಂದು ಬೆರಳಿಗೆ ಅಕ್ಷರ ಬರೆದು ಕಲಿಸಿದವರು ಇವರೇ. "ಬರ್ರಿ ಅಣ್ಣಾರ, ನಿಮ್ಮ ಮಷಿನ್ ನಿಮ್ಮ ದಾರೀನೇ ನೋಡಾಕತ್ತದ" ಎಂದು ಅವರು ಇವರ ಭುಜ ಹಿಡಿದುಕೊಂಡರು. ಇವರು ನಕ್ಕರು. ನಾನು ನನ್ನ ಪ್ರೋಗ್ರಾಮಿಂಗ್ ಕೋಣೆಗೆ ಹೋಗಿ ಕೂತೆ. ಅದಕ್ಕೆ ಗಾಜಿನ ಗೋಡೆ, ಅಲ್ಲಿಂದ ಓಲಾಡುವ ಮೇಜಿನ ದೊಡ್ಡ ಮಷಿನ್ ನೇರವಾಗಿ ಕಾಣುತ್ತದೆ.

ಒಂದೂವರೆ ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. ಜಾಬ್ ಒಂದು ವಾಲ್ವಿನ ಒಡಲು. ಅದನ್ನು ಎಲ್ಲಿ ಹೇಗೆ ಬಿಗಿಯಬೇಕೆಂದು ಇವರು ಹೇಳಿದರು, ಇಬ್ಬರು ಬಿಗಿದರು. ಸ್ಪಿಂಡಲ್ಲಿಗೆ ಪ್ರೋಬ್ ಹಾಕಿಸಿದರು. ಪ್ರೋಬ್ ಎಂದರೆ ಜಾಬನ್ನು ಮುಟ್ಟಿ ಮುಟ್ಟಿ ಅದು ಎಲ್ಲಿದೆ ಎಂದು ಕಂಡುಕೊಳ್ಳುವ ಸಾಧನ. ಅದರ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಂಪು ಮಣಿ ಇರುತ್ತದೆ. ಎಡಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತ ಇವರು ಒಂದು ಮುಖ, ಎರಡು ಮುಖ ಮುಟ್ಟಿಸಿ ಅಳೆದರು. ಸೇಠ್ ಹಿಂದೆ ನಿಂತು ತಲೆಯಾಡಿಸುತ್ತಿದ್ದರು. ಇನ್ನು ಮೇಜನ್ನು ವಾಲಿಸಿ ಪಕ್ಕದ ಮುಖ ಅಳೆಯಬೇಕು. ಅಂದರೆ ಎ. ಪ್ಲಸ್ಸೋ ಮೈನಸ್ಸೋ ಎಂದು ನೋಡಬೇಕು.

ಆಗ ಇವರು ತಿರುಗಿ ಗಾಜಿನ ಗೋಡೆಯ ಕಡೆ ನೋಡಿದರು.

ಸೇಠ್ ಆ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತ ಶಟರಿನ ಕಡೆ ಹೋಗಿದ್ದರು. ನಾನು ಎದ್ದು ಹತ್ತು ಹೆಜ್ಜೆ ನಡೆದು ಕೈ ಕೊಟ್ಟಿದ್ದರೆ ನೋಡುವವರು ಯಾರೂ ಇರಲಿಲ್ಲ. ನೋಡಿದರೂ ಏನಾಗುತ್ತಿತ್ತು? ಇವರು ಕೈ ಬೇಕು ಎಂದು ಕೇಳಲಿಲ್ಲ, ಸುಮ್ಮನೆ ನೋಡಿದರು. ನಾನು ಕಣ್ಣು ತಪ್ಪಿಸಿ ನನ್ನ ಸ್ಕ್ರೀನನ್ನು ನೋಡಿದೆ.

ಮತ್ತೆ ತಲೆ ಎತ್ತಿದಾಗ ಇವರು ಎಡಗೈ ಎತ್ತಿದ್ದರು. ಹೆಬ್ಬೆರಳನ್ನು ಎಕ್ಸ್ ಕಡೆಗೆ ಚಾಚಿ, ಉಳಿದ ಬೆರಳುಗಳನ್ನು ಮೆಲ್ಲಗೆ ಮಡಚಿದರು. ಓದುವವರು ಬೇಕಾದರೆ ಎರಡೂ ಕೈ ಮುಂದೆ ಹಿಡಿದು ಮಾಡಿ ನೋಡಿ. ಎರಡು ಹೆಬ್ಬೆರಳೂ ಒಂದೇ ಕಡೆಗೆ ಇದ್ದರೆ, ಉಳಿದ ಬೆರಳುಗಳು ಮಡಚಿಕೊಳ್ಳುವುದು ಒಂದಕ್ಕೊಂದು ವಿರುದ್ಧ. ಎಡಗೈಯ ಪ್ಲಸ್ ಮಷಿನ್ನಿನ ಮೈನಸ್. ಹೊಸಬರ ಎಡಗೈಗೆ ಇವರೇ ಎಷ್ಟು ಸಲ ಪೆನ್ನಿನಿಂದ ಪಟ್ಟನೆ ಹೊಡೆದು ಕೆಳಗಿಳಿಸಿದ್ದರೋ ಲೆಕ್ಕವಿಲ್ಲ.

ನಾನು ನೋಡಿದೆ. ನನಗೆ ಗೊತ್ತಾಯಿತು. ಇವರು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದರು, ಸಮಯವಿತ್ತು. ಎಡಗೈ ಎಂದು ಇವರಿಗೆ ತಿಳಿದಿರುತ್ತದೆ, ಉಲ್ಟಾ ಮಾಡಿಯೇ ಒತ್ತುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಒಬ್ಬರೇ ಮಾಡಬೇಕು ಎಂಬ ಸೇಠ್ ಮಾತು ಬೇರೆ ಇತ್ತು. ಇವೆಲ್ಲ ನಿಜ. ಆದರೆ ಪೂರ್ತಿ ನಿಜ ಹೇಳುವುದಾದರೆ, ಬೆಳಿಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ನನ್ನ ಕೈ ಇಲ್ಲದೆ ಮಾಡಿ ತೋರಿಸಲಿ ಎಂಬ ಹಟ ಇತ್ತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ನಾಚಿಕೆ.

ಇವರು ಪ್ರೋಬನ್ನು ಮೇಲಕ್ಕೆ ಎತ್ತಿಯೇ ಇದ್ದರು. ಆದರೆ ಜಾಬನ್ನು ಬಿಗಿಹಿಡಿದಿದ್ದ ಎತ್ತರದ ಕ್ಲ್ಯಾಂಪ್ ಆಚೆಗೆ ವಾಲುತ್ತದೆ ಎಂಬ ಲೆಕ್ಕದಲ್ಲಿ ಎಷ್ಟು ಬೇಕೋ ಅಷ್ಟೇ. ಹಸಿರು ಬಟನ್ ಒತ್ತಿದರು. ಮೊದಲಾದರೆ ಎಡಗೈ ಹಸಿರಿನ ಮೇಲಿದ್ದಾಗ ಬಲಗೈ ಮಷಿನ್ ನಿಲ್ಲಿಸುವ ಬಟನ್ನಿನ ಮೇಲೆ ಕಾದಿರುತ್ತಿತ್ತು. ಈಗ ಅದು ತೊಡೆಯ ಪಕ್ಕ ನೇತಾಡುತ್ತಿತ್ತು. ಮೇಜು ನಿಧಾನವಾಗಿ, ತಪ್ಪು ಕಡೆಗೆ, ವಾಲತೊಡಗಿತು. ಕ್ಲ್ಯಾಂಪ್ ಮೇಲೆದ್ದು ಬಂತು. ನಾನು ಬಾಗಿಲು ತೆರೆದು ಓಡಿದೆ. ಸೂಪರ್‌ವೈಸರ್ "ಅಣ್ಣಾರ!" ಎಂದು ಕೂಗಿ ಹಾರಿ ಕೆಂಪು ಬಟನ್ ಗುದ್ದಿದರು. ಅಷ್ಟರಲ್ಲಿ ಗಾಜಿನ ಬಳೆ ಒಡೆದಷ್ಟೇ ಸಣ್ಣ ಸದ್ದು. ಮಣಿ ಹೋಗಿತ್ತು.

ಬೇರೇನೂ ಹಾಳಾಗಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಮೇಜನ್ನು ಅಷ್ಟು ನಿಧಾನಕ್ಕೆ ಇಟ್ಟದ್ದೇ ಇವರ ಅನುಭವ. ಇವರು ಮಷಿನ್ನಿನ ಕಡೆ ನೋಡಲಿಲ್ಲ. ತಮ್ಮ ಎಡಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು.

"ಎಡಗೈ" ಅಂದರು. "ನಾನು ಎಡಗೈಯಲ್ಲಿ ನೋಡಿದೆ."

"ಆಗ್ತದರಿ ಅಣ್ಣಾರ, ಯಾರಿಗರ ಆಗ್ತದ, ನನ್ನ ಕೈಯಾಗ ಎಷ್ಟ್ ಮುರದಾವ ಹೇಳ್ರಿ" ಎಂದರು ಸೂಪರ್‌ವೈಸರ್. ಅವರ ಕಣ್ಣು ಒದ್ದೆಯಾಗಿತ್ತು. ಸೇಠ್ ಬಂದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಮೊದಲಾದರೆ ಬೈಯುತ್ತಿದ್ದರು, ಇವರೂ ತಿರುಗಿ ಬೈಯುತ್ತಿದ್ದರು. ಅವರು ಇವರ ಬೆನ್ನ ಮೇಲೆ ಕೈ ಇಟ್ಟು, "ಕೋಯೀ ಬಾತ್ ನಹೀ, ಕೋಯೀ ಬಾತ್ ನಹೀ" ಎಂದು ಸಮಾಧಾನ ಹೇಳಿ ಚಹಾ ತರಿಸಿದರು. ಆ ಚಹಾ ಬಂದಾಗಲೇ ಎಲ್ಲ ಮುಗಿಯಿತು ಎಂದು ನಮಗಿಬ್ಬರಿಗೂ ತಿಳಿಯಿತು. ಮುಂದಿನ ವಾರ ಸ್ಟೋರಿನಲ್ಲಿ ಕೂತು ಟೂಲ್ ಕೊಡುವ ಕೆಲಸ ಮಾಡಿ ಎಂದು ಹೇಳಿ ಕಳಿಸಿದರು. ಇವರು ಬೇಡ ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನಜ್ಜಿ ನನ್ನ ಬಾಯಿಗೆ ಹೆದರಿ ಚಿಕ್ಕಂದಿನಿಂದ ಹೇಳುತ್ತಿದ್ದರು. ನಾನು ಒಂದೇ ದಿನದಲ್ಲಿ ಎರಡನ್ನೂ ಮುಗಿಸಿದೆ. ಪ್ರೋಬಿಗೆ ಹೊಸ ಮಣಿ ಬಂತು, ಎರಡನೇ ದಿನಕ್ಕೆ ಮಷಿನ್ ಓಡಿತು.

ನನ್ನನ್ನು ತಿನ್ನುವುದು ಇನ್ನೊಂದು ವಿಷಯ. ಒಂದು ಚೀಟಿ ಸಾಕಿತ್ತು. ‘ಎ ಪ್ಲಸ್ ಎಂದರೆ ಮೇಜು ಈ ಕಡೆ’ ಎಂದು ಬಾಣದ ಗುರುತು ಹಾಕಿದ ಒಂದು ಚೀಟಿ, ಯೂನಿಫಾರ್ಮಿನ ಜೇಬಿನಲ್ಲಿ. ಆ ಮಷಿನ್ನಿಗೆ ಪ್ರೋಗ್ರಾಮ್ ಬರೆಯುವವಳೇ ನಾನು. ಸಾವಿರ ಸಲ ಬರೆದಿದ್ದೇನೆ. ಚೀಟಿ ಯೋಚನೆಗೇ ಬರಲಿಲ್ಲ, ಯಾಕೆಂದರೆ ಕೈ ಇತ್ತಲ್ಲ. ಇವರಿಗೂ ಬರಲಿಲ್ಲ. ನಾವಿಬ್ಬರೂ ಅಷ್ಟು ಗಟ್ಟಿಯಾಗಿ ಆ ಕೈಯನ್ನು ನಂಬಿದ್ದೆವು.

ಇವರು ಆ ಬೆಳಗಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನು ಅಂದೇ ಸಂಜೆ ಅತ್ತು ತಪ್ಪಾಯಿತು ಎಂದೆ. "ಎಂತಕ್ಕೆ ಅಳುದು? ನೀನು ಹೇಳಿದ್ದು ಸರಿಯೇ ಉಂಟು" ಎಂದರು. ವ್ಯಂಗ್ಯವಲ್ಲ, ಮನಸ್ಸಿನಿಂದ ಹೇಳಿದ್ದು. ಜಗಳ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆನೋ ಏನೋ. ಒಪ್ಪಿಕೊಂಡುಬಿಟ್ಟರು, ನಾನು ಎಲ್ಲಿ ಹೋಗಲಿ? ಅಂದಿನಿಂದ ಇವರು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಲ್ಲುವುದಿಲ್ಲ. ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, ಎಷ್ಟು ಹೊತ್ತು ಹಿಡಿದರೂ ಸರಿ. ಚಪಾತಿ ಮಣೆ ಚಪಾತಿಗೆ ಮಾತ್ರ. ಇವರು ನನ್ನಿಂದ ದೂರ ಸರಿದರು ಎಂದು ಮೊದಮೊದಲು ನನಗೆ ಸಿಟ್ಟೂ ಬಂದಿತ್ತು. ಲೋಕಲ್ ಹೊರಟಾಗ ಹಿಂದೆ ಹೋಗುವ ಪ್ಲಾಟ್‌ಫಾರ್ಮಿನ ಪಾಠ ಇವರೇ ಹೇಳಿಕೊಟ್ಟದ್ದು, ಮರೆತಿದ್ದೆ.

ವರ್ಕ್‌ಶಾಪಿಗೆ ಕಳೆದ ತಿಂಗಳು ಕಲ್ಯಾಣದಿಂದ ಒಬ್ಬಳು ಹೊಸದಾಗಿ ಸೇರಿದಳು. ಸೂಪರ್‌ವೈಸರ್ ಅವಳನ್ನು ನನ್ನ ಕೋಣೆಗೆ ಕರೆತಂದು, ಕಪ್ಪು ಮಾರ್ಕರ್ ನನ್ನ ಮುಂದೆ ಇಟ್ಟರು. "ಅಕ್ಕಾರ, ಇನ್ನ ಮ್ಯಾಲೆ ನೀವಾ ಬರೀರಿ. ಅಣ್ಣಾರ ಬರ್ದಂಗ ಆಗ್ತದ." ನಾನು ಅವಳ ಕೈ ಹಿಡಿದು ಬರೆದೆ. ಝಡ್ ಸ್ವಲ್ಪ ಅಡ್ಡವಾಯಿತು.

ಆ ಸಂಜೆ ಮನೆಯಲ್ಲಿ ಇವರಿಗೆ ಹೇಳಿದೆ. ಹೇಳಬಾರದಿತ್ತೋ ಏನೋ, ಆದರೆ ಬಚ್ಚಿಡಲು ಮನಸ್ಸಾಗಲಿಲ್ಲ. ಇವರು ಟೀವಿಯ ಸದ್ದು ಕಡಿಮೆ ಮಾಡಿದರು.

"ಯಾವ ಕೈಗೆ?" ಎಂದು ಕೇಳಿದರು.

"ಬಲಗೈಗೆ."

"ಹಾಂ" ಎಂದು ತಲೆಯಾಡಿಸಿದರು. ಆಮೇಲೆ, "ಅಳಿಸಲಿಕ್ಕೆ ಬಿಡ್ಬೇಡ" ಎಂದರು.

ಮೊನ್ನೆ ಫಿಸಿಯೋಥೆರಪಿಗೆಂದು ಠಾಣೆಗೆ ಹೋಗಿದ್ದೆವು. ಮಧ್ಯಾಹ್ನ, ಗರ್ದಿ ಕಡಿಮೆ. ಮರಳುವಾಗ ಸ್ಟೇಷನ್ನಿನ ಸೇತುವೆಯಿಂದ ಪ್ಲಾಟ್‌ಫಾರ್ಮಿಗೆ ಇಳಿಯುವ ಮೆಟ್ಟಿಲ ತುದಿಯಲ್ಲಿ ಇವರು ನಿಂತರು. ಇಳಿಯುವುದು ಇವರಿಗೆ ಈಗಲೂ ಕಷ್ಟ, ಏನಾದರೂ ಹಿಡಿದುಕೊಳ್ಳಲೇಬೇಕು. ನಾನು ಇವರ ಎಡಕ್ಕೆ ಇದ್ದೆ, ಗೋಡೆಯ ಕಡೆ, ಕಬ್ಬಿಣದ ಕಂಬಿಗೆ ಒತ್ತಿಕೊಂಡು. ಬಲಗೈಯಲ್ಲಿದ್ದ ಚೀಲವನ್ನು ಎಡಗೈಗೆ ಬದಲಾಯಿಸಿದೆ. ಬಲಗೈಯನ್ನು ಇವರ ಮುಂದೆ ಚಾಚಿದೆ.

ಇವರು ಅದನ್ನು ನೋಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಎಲ್ಲವನ್ನೂ ನೋಡಿದರು. ಹಿಂದಿನಿಂದ ಜನ ದಾಟಿಕೊಂಡು ಇಳಿಯುತ್ತಿದ್ದರು, ಕೆಳಗೆ ಡೊಂಬಿವಲಿಯ ಲೋಕಲ್ ಬರುತ್ತಿದೆ ಎಂದು ಮೈಕ್ ಕೂಗುತ್ತಿತ್ತು. ಇವರ ಎಡಗೈ ಸ್ವಲ್ಪ ಮೇಲೆದ್ದಿತು.

"ಕಂಬಿ ಉಂಟಲ್ಲ ಮಾರಾಯ್ತಿ" ಎಂದರು ಮೆಲ್ಲಗೆ, ನನಗೆ ಎಲ್ಲಿ ನೋವಾಗುತ್ತದೋ ಎಂಬ ಹಾಗೆ. "ನೀನು ಸ್ವಲ್ಪ ಸರಿ."

ನಾನು ಸರಿದು ನಿಂತೆ. ಇವರು ಕಂಬಿ ಹಿಡಿದು ಇಳಿದರು.